ಛಾಯೆಯ ಋಣ

ಹಂಪೆಯ ಶ್ರೀ ವಿರೂಪಾಕ್ಷಸ್ವಾಮಿಯ ದೇವಾಲಯದಲ್ಲಿ, ಗರ್ಭಗುಡಿಯ ಹಿಂಬದಿಗೆ, ಒಂದು ಕತ್ತಲೆಯ ಎಡೆಯುಂಟು. ಅದರ ಮೂಡಣ ಗೋಡೆಯಲ್ಲಿ ಒಂದು ಕಿರುಗಂಡಿ. ಯಾತ್ರಿಕರು ಒಳಹೊಕ್ಕು, ಕಣ್ಣು ಕತ್ತಲೆಗೆ ಹೊಂದುವವರೆಗೆ ನಿಂತರೆ, ಎದುರಿನ ಪಡುವಣ ಗೋಡೆಯ ಮೇಲೆ ಪೂರ್ವದ ಹಿರಿಯ ಗೋಪುರವು ತಲೆಕೆಳಗಾಗಿ ಮೂಡಿರುವುದನ್ನು ಕಾಣುವರು. ಸುಮಾರು 50 ಮೀಟರು ಎತ್ತರದ ಆ ಗೋಪುರವು ಕಲಶವನ್ನು ಕೆಳಗೆ ಮಾಡಿ, ಬುಡವನ್ನು ಮೇಲೆ ಮಾಡಿ, ಒಂದು ಗೋಡೆಯೊಳಗೆ ಅಡಗಿಕೊಂಡಿರುವುದು. ಮಕ್ಕಳು ಕೈ ತಟ್ಟುವರು. ವೃದ್ಧರು ಕೈ ಮುಗಿಯುವರು.

ಇದರಲ್ಲಿ ಮಾಟವಿಲ್ಲ, ಮಂತ್ರವಿಲ್ಲ. ಬೆಳಕು ನೇರವಾಗಿ ನಡೆಯುವ ವಸ್ತು. ಗೋಪುರದ ತುದಿಯಿಂದ ಹೊರಟ ಕಿರಣವು ಗಂಡಿಯ ಮೂಲಕ ಇಳಿದು ಗೋಡೆಯ ಕೆಳಗನ್ನು ಮುಟ್ಟುವುದು. ಬುಡದಿಂದ ಹೊರಟ ಕಿರಣವು ಏರಿ ಮೇಲನ್ನು ಮುಟ್ಟುವುದು. ಆದುದರಿಂದ ಬಿಂಬವು ಬೋರಲಾಗುವುದು. ಇಂದು ಜನರು ಕೈಯಲ್ಲಿ ಹಿಡಿದು ತಿರುಗುವ ಕ್ಯಾಮೆರಾಗಳೆಲ್ಲವೂ ಇಂತಹ ಕತ್ತಲೆಯ ಕೋಣೆಯ ಮರಿಮಕ್ಕಳೇ ಸರಿ. ಆ ಹೆಸರಿಗೂ ಲ್ಯಾಟಿನ್ ಭಾಷೆಯಲ್ಲಿ ಕೋಣೆಯೆಂಬುದೇ ಅರ್ಥ. ಆದರೆ ಅಜ್ಜನಿಗೂ ಮೊಮ್ಮಕ್ಕಳಿಗೂ ಒಂದು ಭೇದವಿದೆ. ವಿರೂಪಾಕ್ಷನ ಗುಡಿಯ ಆ ಕೋಣೆಯು ತಾನು ಕಂಡದ್ದನ್ನು ಇರಿಸಿಕೊಳ್ಳುವುದಿಲ್ಲ. ಸೂರ್ಯನಿಗೆ ಮೋಡ ಕವಿದರೆ ಚಿತ್ರವು ಮಾಸುವುದು, ಸಂಜೆಯಾದರೆ ಅಳಿಯುವುದು. ಗೋಪುರಕ್ಕೆ ಅದು ಏನೊಂದನ್ನೂ ಕೊಡಬೇಕಾಗಿಲ್ಲ, ಏಕೆಂದರೆ ಏನೊಂದನ್ನೂ ತೆಗೆದುಕೊಂಡಿಲ್ಲ. ಮನುಷ್ಯನ ಯಂತ್ರವಾದರೋ ತೆಗೆದುಕೊಳ್ಳುವುದು, ತೆಗೆದುಕೊಂಡು ಹೋಗುವುದು.

ಕನ್ನಡಿಗರ ಮಾತಿನಲ್ಲಿಯೇ ಈ ಭೇದವು ಅಡಗಿದೆ. ಕುಂಚದವನು ಚಿತ್ರವನ್ನು ‘ಬರೆಯುತ್ತಾನೆ’; ಕ್ಯಾಮೆರಾದವನು ಪಟವನ್ನು ‘ತೆಗೆಯುತ್ತಾನೆ’. ಒಬ್ಬನು ತನ್ನಲ್ಲಿರುವುದನ್ನು ಹಲಗೆಯ ಮೇಲೆ ಇಡುವವನು; ಇನ್ನೊಬ್ಬನು ಎದುರಿಗಿರುವುದರಿಂದ ಒಂದಂಶವನ್ನು ಎತ್ತಿಕೊಳ್ಳುವವನು. ಎತ್ತಿಕೊಂಡದ್ದು ದಾನವಲ್ಲದಿದ್ದರೆ ಸಾಲವೇ ಆಗಬೇಕಷ್ಟೆ. ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರನ್ನು ಹೊತ್ತು ಬರುವನೆಂದು ಶ್ರುತಿಯು ಹೇಳುವುದು. ಪಟ ತೆಗೆಯುವವನು ಅವುಗಳ ಮೇಲೆ ಛಾಯಾಋಣವೆಂಬ ನಾಲ್ಕನೆಯದೊಂದನ್ನು ತಾನಾಗಿ ಹೊರಿಸಿಕೊಳ್ಳುವನೆಂದು ಹೇಳಿದರೆ ತಪ್ಪಾಗಲಾರದು. ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಸೀಮೆಯಲ್ಲಿ ಈ ಸಾಲವನ್ನು ಮಾಡಿದವರು ಅನೇಕರು. ತೀರಿಸಿದವರು ಕೆಲವರು. ಆ ಕೆಲವರ ಸಂಗತಿಯು ತಿಳಿಯತಕ್ಕದ್ದಾಗಿದೆ.

ಮೊದಲಿಗನೆಂದು ಹೇಳಬಹುದಾದವನು ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಆಂಗ್ಲ ಸೇನಾಧಿಕಾರಿ. ಆತನು ಮದರಾಸಿನ ಸೈನ್ಯದವನು. 1856ರಲ್ಲಿ, ಛಾಯಾಗ್ರಹಣವಿದ್ಯೆಯು ಹುಟ್ಟಿ ಇನ್ನೂ ಎರಡು ದಶಕಗಳು ತುಂಬದಿದ್ದಾಗ, ಆತನು ಹಂಪೆಯ ಹಾಳುಗಳ ನಡುವೆ ತನ್ನ ಭಾರಿಯ ಪೆಟ್ಟಿಗೆಯನ್ನು ಹೊರಿಸಿಕೊಂಡು ತಿರುಗಿದನು. ಆಗ ಫಿಲ್ಮಿನ ಸುರುಳಿಯಿರಲಿಲ್ಲ. ಕಾಗದಕ್ಕೆ ಮೇಣವನ್ನು ಹೀರಿಸಿ, ಅದನ್ನು ಬೆಳ್ಳಿಯ ಲವಣದಲ್ಲಿ ಅದ್ದಿ, ಪೆಟ್ಟಿಗೆಯಲ್ಲಿರಿಸಿ, ಅನೇಕ ನಿಮಿಷಗಳ ಕಾಲ ಬೆಳಕನ್ನು ಉಣಿಸಬೇಕಾಗಿದ್ದಿತು. ಅಂತಹ ದೊಡ್ಡ ಹಾಳೆಗಳ ಮೇಲೆ ಆತನು ಸುಮಾರು 60 ನೋಟಗಳನ್ನು ಹಿಡಿದನು. ಅಷ್ಟು ಹೊತ್ತು ಅಲುಗದೆ ನಿಂತದ್ದು ಮಾತ್ರವೇ ಆ ಕಾಗದದ ಮೇಲೆ ನಿಲ್ಲುತ್ತಿದ್ದಿತು. ಅತ್ತಿತ್ತ ನಡೆದವರು ಮಾಯವಾಗಿಬಿಡುತ್ತಿದ್ದರು. ಕಲ್ಲು ಉಳಿಯಿತು, ಮನುಷ್ಯನು ಕರಗಿದನು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವುಂಟು.

ವಿಠ್ಠಲಸ್ವಾಮಿಯ ಅಂಗಳದಲ್ಲಿರುವ ಕಲ್ಲಿನ ರಥವನ್ನು ಅರಿಯದವರಿಲ್ಲ. ಹಂಪೆಗೆ ಬಾರದವರೂ ಅದನ್ನು ಬಲ್ಲರು; 2017ರಲ್ಲಿ ಹೊರಬಂದ 50 ರೂಪಾಯಿಯ ತಿಳಿನೀಲಿ ನೋಟಿನ ಹಿಂಬದಿಯಲ್ಲಿ ಅದು ಅಚ್ಚಾಗಿದೆ. ದಿನಸಿಯ ಅಂಗಡಿಯಲ್ಲಿಯೂ ಬಸ್ಸಿನಲ್ಲಿಯೂ ಸಂತೆಯಲ್ಲಿಯೂ ಆ ರಥವು ಕೈಯಿಂದ ಕೈಗೆ ಉರುಳುತ್ತಿರುವುದು. ಆ ನೋಟಿನ ಮೇಲಿನ ರಥದ ತಲೆಯು ಬೋಳಾಗಿದೆ. ಈಗ ನಿಂತಿರುವ ರಥದ ತಲೆಯೂ ಹಾಗೆಯೇ ಇದೆ. ಆದರೆ ಗ್ರೀನ್‌ಲಾ ತೆಗೆದ ಪಟದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಗಾರೆಯ ಒಂದು ಶಿಖರವು ಸ್ಪಷ್ಟವಾಗಿ ಎದ್ದು ನಿಂತಿದೆ. 19ನೆಯ ಶತಮಾನವು ಮುಗಿಯುವುದರೊಳಗೆ ಆ ಶಿಖರವು ಇಲ್ಲವಾಯಿತು. ಅದನ್ನು ಕಣ್ಣಾರೆ ಕಂಡವರೂ ತೀರಿಹೋದರು. ಆ ಮೇಣದ ಕಾಗದವೊಂದು ಉಳಿಯದೆ ಹೋಗಿದ್ದರೆ, ಶಿಲ್ಪಿಯು ಕಡೆದು ಬಿಟ್ಟ ರೂಪವೇ ಇದೆಂದು ನಂಬಿ, ಅದರ ಮೇಲೆ ಪಾಂಡಿತ್ಯದ ಕಟ್ಟಡಗಳನ್ನು ಕಟ್ಟುವವರು ಹುಟ್ಟುತ್ತಿದ್ದರು.

ಗ್ರೀನ್‌ಲಾ ತೆಗೆದುಕೊಂಡು ಹೋದುದು ಬಹುಕಾಲ ಈ ಸೀಮೆಗೆ ಹಿಂದಿರುಗಲಿಲ್ಲ. 1980ರ ದಶಕದಲ್ಲಿ ಜಾರ್ಜ್ ಮಿಚೆಲ್, ಜಾನ್ ಫ್ರಿಟ್ಜ್ ಎಂಬ ವಿದ್ವಾಂಸರು ಹಂಪೆಯಲ್ಲಿ ಡೇರೆ ಹೂಡಿ ಹಾಳುಗಳನ್ನು ಅಳೆದು ಬರೆದಿಡುತ್ತಿದ್ದ ಕಾಲದಲ್ಲಿ, ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಎಂಬವರು ಗ್ರೀನ್‌ಲಾನ ಚಿತ್ರಗಳನ್ನು ಕೈಯಲ್ಲಿ ಹಿಡಿದು, ಆತನು ಪೆಟ್ಟಿಗೆಯನ್ನು ಊರಿದ್ದ ಆಯಾ ಸ್ಥಳಗಳನ್ನೇ ಹುಡುಕಿ ನಿಂತು, ಅದೇ ನೋಟಗಳನ್ನು ಮರಳಿ ತೆಗೆದರು. ಅಂದಿನದೊಂದು, ಇಂದಿನದೊಂದು, ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ನೂರಿಪ್ಪತ್ತೈದಕ್ಕೂ ಮಿಕ್ಕ ವರುಷಗಳಲ್ಲಿ ಯಾವ ಕಂಬ ಬಿದ್ದಿತು, ಯಾವುದಕ್ಕೆ ಊರುಗೋಲು ಕೊಟ್ಟರು, ಎಲ್ಲಿ ಗಿಡ ಬೆಳೆದಿತ್ತು, ಎಲ್ಲಿ ಕಡಿದರು ಎಂಬುದೆಲ್ಲವೂ ತಾನಾಗಿ ತಿಳಿಯುವುದು. ಒಬ್ಬನು ಮಾಡಿದ ಸಾಲವನ್ನು ಇನ್ನೊಬ್ಬನು ಬಂದು ತೀರಿಸಿದ ಬಗೆಯಿದು.

ಆದರೆ ಇಂತಹ ಸಾಕ್ಷಿಯನ್ನೂ ಕಣ್ಣು ಮುಚ್ಚಿ ನಂಬಬಾರದೆಂಬುದಕ್ಕೆ ಪುರಾಣದಲ್ಲಿಯೇ ಒಂದು ಕಥೆಯಿದೆ. ಸೂರ್ಯನ ಪತ್ನಿಯಾದ ಸಂಜ್ಞಾದೇವಿಯು ಗಂಡನ ತಾಪವನ್ನು ತಾಳಲಾರದೆ, ತನ್ನ ರೂಪಿನವಳೇ ಆದ ಛಾಯೆಯನ್ನು ಮನೆಯಲ್ಲಿ ನಿಲ್ಲಿಸಿ, ತಾನು ತವರಿಗೆ ತೆರಳಿದಳು. ಲೋಕಸಾಕ್ಷಿಯೆನಿಸಿದ ಸೂರ್ಯನೂ ಬಹುಕಾಲ ಮೋಸಹೋದನು. ರೂಪದಲ್ಲಿ ಎಳ್ಳಷ್ಟೂ ಭೇದವಿರಲಿಲ್ಲ. ಭೇದವು ಗೊತ್ತಾದುದು ನಡತೆಯಲ್ಲಿ, ಮಕ್ಕಳಲ್ಲಿ ಅವಳು ತೋರಿದ ಪಕ್ಷಪಾತದಲ್ಲಿ. ಛಾಯಾಚಿತ್ರವೂ ಹಾಗೆಯೇ. ಅದು ಸುಳ್ಳನ್ನು ಆಡುವುದಿಲ್ಲ; ಆದರೆ ಎಲ್ಲವನ್ನೂ ಹೇಳುವುದಿಲ್ಲ. ಒಂದು ದಿನ ಬಂದು, ಒಂದು ಸಂಜೆ ಮತಂಗಪರ್ವತವನ್ನು ಹತ್ತಿ, ಬಂಡೆಗಳು ಹೊನ್ನಿನ ಬಣ್ಣ ತಳೆದುದನ್ನು ಹಿಡಿದುಕೊಂಡು ಹೋದವನು ಹಂಪೆಯನ್ನು ಕಂಡೆನೆಂದರೆ, ಅವನು ಕಂಡದ್ದು ಛಾಯೆಯನ್ನೇ, ಸಂಜ್ಞೆಯನ್ನಲ್ಲ.

ಹಾಗಾದರೆ ಕಾಣುವ ಬಗೆ ಯಾವುದು? ಅದಕ್ಕೂ ಈ ಕ್ಷೇತ್ರದಲ್ಲಿಯೇ ಪಾಠವಿದೆ. ವಾಲಿಯ ವಧೆಯಾದ ತರುವಾಯ ಮಳೆಗಾಲವು ಹಿಡಿಯಲಾಗಿ, ಶ್ರೀರಾಮನು ನಾಲ್ಕು ತಿಂಗಳು ಬೆಟ್ಟದ ಗುಹೆಯಲ್ಲಿ ಕಾದಿದ್ದನೆಂದು ಕಿಷ್ಕಿಂಧಾಕಾಂಡವು ಹೇಳುವುದು. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿರುವ ಮಾಲ್ಯವಂತವೇ ಆ ಬೆಟ್ಟವೆಂದು ಇಲ್ಲಿಯವರ ನಂಬಿಕೆ. ಬಿಲ್ಲನ್ನು ಬಲ್ಲವನು ಬಾಣವನ್ನು ಬಿಡುವುದರಲ್ಲಿ ದೊಡ್ಡವನೆನಿಸಿದಂತೆಯೇ, ಬಿಡದೆ ಕಾಯುವುದರಲ್ಲಿಯೂ ದೊಡ್ಡವನೆನಿಸಿದ ಸ್ಥಳವದು. ಪಟ ತೆಗೆಯುವವನಿಗೆ ಇದಕ್ಕಿಂತ ಮಿಗಿಲಾದ ತೀರ್ಥವಿಲ್ಲ. ಋತುಗಳು ಆರೂ ಕಣ್ಣ ಮುಂದೆ ಹಾದುಹೋಗುವವರೆಗೆ ಅವನು ಇಲ್ಲಿಗೆ ಬಂದು ಬಂದು ಹೋಗಬೇಕು.

ವಸಂತದಲ್ಲಿ, ಚೈತ್ರಮಾಸದಲ್ಲಿ, ವಿರೂಪಾಕ್ಷನ ರಥೋತ್ಸವ. ಬೀದಿಯ ತುಂಬ ಜನ. ಗಾಲಿಗಳ ಕೆಳಗೆ ಮೇಲೆದ್ದ ಧೂಳು. ಆ ಧೂಳಿನಲ್ಲಿ ತೇಲುವ ಬಿಸಿಲು. ಗ್ರೀಷ್ಮದಲ್ಲಿ ಬಂಡೆಗಳು ಕಾಯ್ದ ಹಂಚಿನಂತಾಗುವುವು. ಮಧ್ಯಾಹ್ನದ ಬೆಳಕು ಬಣ್ಣವನ್ನೆಲ್ಲ ಹೀರಿ ಬೂದಿಯನ್ನುಳಿಸುವುದು. ಆಗ ತುಂಗಭದ್ರೆಯು ಇಳಿದು, ನೀರಿನಲ್ಲಿ ಮುಳುಗಿದ್ದ ಬಂಡೆಗಳೂ ಅವುಗಳ ಮೇಲೆ ಕಡೆದ ಲಿಂಗಗಳೂ ಹೊರಕ್ಕೆ ಕಾಣುವುವು. ಅದೇ ಬೇಗೆಯಲ್ಲಿಯೂ ಬಸವಣ್ಣ ಕಾಲುವೆ, ತುರ್ತಾ ಕಾಲುವೆಗಳ ಬದಿಯ ಬಾಳೆಯ ತೋಟಗಳು ಹಸುರಾಗಿರುವುವು. ವಿಜಯನಗರದ ಅರಸರ ಕಾಲದ ಆ ಕಾಲುವೆಗಳು ಅರಮನೆಗಳು ಅಳಿದ ಮೇಲೆಯೂ ತಮ್ಮ ಕೆಲಸವನ್ನು ಬಿಟ್ಟಿಲ್ಲ. ಅರಮನೆಯ ತಳಹದಿಯ ಪಟವನ್ನು ತೆಗೆಯುವವರು ಸಾವಿರ ಮಂದಿ. ಕಾಲುವೆಯ ತೂಬಿನ ಪಟವನ್ನು ತೆಗೆದವರು ವಿರಳ.

ವರ್ಷಋತುವಿನಲ್ಲಿ ಈ ಸೀಮೆಯ ವಿಚಿತ್ರವೊಂದಿದೆ. ಮಳೆ ಹೊಯ್ಯುವುದು ಮಲೆನಾಡಿನಲ್ಲಿ. ಹೊಳೆ ಬರುವುದು ಇಲ್ಲಿ. ಮೇಲೆ ಆಕಾಶವು ತಿಳಿಯಾಗಿದ್ದರೂ ಕೆಳಗೆ ಪ್ರವಾಹವು ಕೆಂಪಾಗಿ ಮೊರೆಯುವುದುಂಟು. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ ಹಲವನ್ನು ತೆರೆದ ದಿನ ಹಂಪೆಯ ಪುರಂದರಮಂಟಪವು ಮುಳುಗುವುದು. ಹರಿಗೋಲುಗಳು ದಡದಲ್ಲಿ ಬೋರಲಾಗಿ ಮಲಗುವುವು. ಕಂಪ್ಲಿಯ ಸೇತುವೆಯ ಮೇಲೆ ನೀರು ಹರಿಯುವುದು. 2019ರ ಆಗಸ್ಟಿನಲ್ಲಿ ಹೀಗೆಯೇ ಆಯಿತು. 2024ರ ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲಿನ ಸರಪಳಿ ತುಂಡಾಗಿ ಬಾಗಿಲೇ ಕೊಚ್ಚಿಕೊಂಡು ಹೋದಾಗ, ಆ ತೆರಪಿನಿಂದ ನೊರೆಯೆದ್ದು ಹಾರುವ ನೀರಿನ ಚಿತ್ರವನ್ನು ದೇಶವೆಲ್ಲವೂ ನೋಡಿತು. ದೂರದವರಿಗೆ ಅದು ಒಂದು ರಮ್ಯ ಜಲಪಾತ. ಕಂಪ್ಲಿಯ ರೈತನಿಗಾದರೋ ಅದು ತನ್ನ ಗದ್ದೆಗೆ ಬರಬೇಕಾಗಿದ್ದ ನೀರು ಕಣ್ಣ ಮುಂದೆ ಹೊರಟುಹೋಗುವ ನೋಟ. ಪಟ ಒಂದೇ, ನೋಡುವ ಕಣ್ಣು ಎರಡು.

ಶರದೃತುವಿನಲ್ಲಿ ಸಂಡೂರನ್ನು ನೋಡಬೇಕು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಿರೆಂದು ಗಾಂಧೀಜಿಯವರು ನುಡಿದರೆಂಬ ಮಾತು ಅಲ್ಲಿಯ ಜನರ ಬಾಯಲ್ಲಿದೆ. ಅವರು 1934ರಲ್ಲಿ ಅಲ್ಲಿಗೆ ಬಂದಿದ್ದರು. ಸುತ್ತಲೂ ಗಿರಿಗಳ ಕೋಟೆ, ನಾರಿಹಳ್ಳವು ಹಾದುಹೋಗುವ ಗಂಡಿಗಳು, ಬೆಟ್ಟದ ಕಾಡಿನ ನಡುವೆ ಕುಮಾರಸ್ವಾಮಿಯ ಪುರಾತನ ದೇವಾಲಯ. ಮಳೆ ತೊಳೆದ ಮೇಲೆ ಆ ಕಣಿವೆಯು ಬಯಲುಸೀಮೆಯದೆಂದು ನಂಬುವುದೇ ಕಷ್ಟ. ಆದರೆ ಆ ಗಿರಿಗಳ ಗರ್ಭದಲ್ಲಿ ಕಬ್ಬಿಣದ ಅದಿರಿದೆ. ಅದಿರಿನ ಆಸೆಯು ಅತಿಯಾದ ವರುಷಗಳಲ್ಲಿ ದಾರಿಯ ಬದಿಯ ಎಲೆಗಳ ಬಣ್ಣವು ಹಸುರಲ್ಲ, ಕೆಂಪಾಗಿದ್ದಿತು. 2011ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಮಿತಿಗಳೊಡನೆ ಅದು ಮತ್ತೆ ಮೊದಲಾಯಿತು. ಒಂದೇ ಗುಡ್ಡದ ಪಟವನ್ನು ಒಂದೇ ಸ್ಥಳದಿಂದ ವರುಷಕ್ಕೊಮ್ಮೆ ತೆಗೆದು ತಾರೀಖು ಬರೆದಿಟ್ಟವನು ಯಾವನಾದರೂ ಇದ್ದರೆ, ಅವನ ಪೆಟ್ಟಿಗೆಯು ಒಂದು ಗ್ರಂಥಾಲಯಕ್ಕೆ ಸಮಾನ.

ಕಾಯುವುದನ್ನೂ ಬರೆದಿಡುವುದನ್ನೂ ಕೂಡಿಯೇ ಅಭ್ಯಾಸ ಮಾಡಿದ ಮಹನೀಯರೊಬ್ಬರು ಈ ಸಂಡೂರಿನವರೇ ಆಗಿದ್ದರು. ಅಲ್ಲಿಯ ರಾಜಮನೆತನದ ಎಂ. ವೈ. ಘೋರ್ಪಡೆಯವರನ್ನು (1931–2011) ನಾಡು ಅರಿತಿರುವುದು ರಾಜಕಾರಣಿಯಾಗಿ. 1972ರಿಂದ 1977ರವರೆಗೆ ಅವರು ರಾಜ್ಯದ ಅರ್ಥಸಚಿವರಾಗಿದ್ದರು. ಆದರೆ ಲೆಕ್ಕಪತ್ರಗಳಿಂದ ಬಿಡುವು ದೊರೆತಾಗಲೆಲ್ಲ ಅವರು ಅರಣ್ಯಕ್ಕೆ ಹೋಗಿ, ಆನೆಯ ಎದುರಿಗೂ ಕಾಟಿಯ ಎದುರಿಗೂ ಕ್ಯಾಮೆರಾ ಹಿಡಿದು ಕಾದಿರುತ್ತಿದ್ದರು. ಅರಸುಮಕ್ಕಳು ಕಾಡಿಗೆ ಕೋವಿಯನ್ನೊಯ್ಯುವುದೇ ವಾಡಿಕೆಯಾಗಿದ್ದ ನಾಡಿನಲ್ಲಿ ಇದೊಂದು ಸಣ್ಣ ಸಂಗತಿಯಲ್ಲ. ಅವರ ಕಪ್ಪುಬಿಳುಪಿನ ಚಿತ್ರಗಳು ವಿದೇಶಗಳಲ್ಲಿಯೂ ಹೆಸರಾದುವು. 1983ರಲ್ಲಿ ಹೊರಬಂದ ಅವರ ಇಂಗ್ಲಿಷ್ ಗ್ರಂಥದ ಹೆಸರು ‘ಸನ್‌ಲೈಟ್ ಅಂಡ್ ಶ್ಯಾಡೋಸ್’. ಬಿಸಿಲು ಮತ್ತು ನೆರಳು ಎಂದರೆ, ಸೂರ್ಯನೂ ಛಾಯೆಯೂ ಎಂದಂತಾಯಿತು. ಅದನ್ನು ಅವರು ವನ್ಯಜೀವಿ ಛಾಯಾಗ್ರಾಹಕನೊಬ್ಬನ ದಿನಚರಿಯೆಂದು ಕರೆದರು. ಈ ದಿನಚರಿಯೆಂಬ ಮಾತು ಗಮನಾರ್ಹವಾದುದು. ಚಿತ್ರಕ್ಕೆ ಎಡೆಯೂ ವೇಳೆಯೂ ಸಂದರ್ಭವೂ ಸೇರಿದಾಗಲೇ ಅದು ಸಾಕ್ಷಿಯಾಗುವುದು.

ಈಗ ಕಾಡಿನ ಮೃಗಗಳನ್ನು ಕಾಣುವುದು ಅಷ್ಟು ದುರ್ಲಭವಲ್ಲ. ಕಮಲಾಪುರದ ಸಮೀಪದ ದರೋಜಿಯ ಗುಡ್ಡಗಳಲ್ಲಿ 1994ರಲ್ಲಿ ಕರಡಿಗಳಿಗಾಗಿಯೇ ಒಂದು ಧಾಮವು ಏರ್ಪಟ್ಟಿತು. ಜಾಂಬವಂತನ ಕುಲದವರು ಕಿಷ್ಕಿಂಧೆಯ ನೆರೆಯಲ್ಲಿಯೇ ನೆಲೆಗೊಂಡಿರುವುದು ಉಚಿತವೇ ಆಗಿದೆ. ಅಲ್ಲಿ ಮಧ್ಯಾಹ್ನದ ಹೊತ್ತಿಗೆ ಅರಣ್ಯ ಇಲಾಖೆಯ ಕಾವಲುಗಾರರು ಎದುರು ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕವನ್ನು ಬಳಿದು ಬರುವರು. ಬಿಸಿಲು ಇಳಿದಂತೆ ಕರಡಿಗಳು ಒಂದೊಂದಾಗಿ ಗವಿಗಳಿಂದ ಇಳಿದು ಬಂದು ಬಂಡೆಯನ್ನು ನೆಕ್ಕುವುವು. ಕೆಲವು ತಾಯಿಯರು ಮರಿಗಳನ್ನು ಬೆನ್ನ ಮೇಲೆ ಹೊತ್ತು ತರುವುವು. ನೋಡುವವರು ದೂರದ ಅಟ್ಟಣೆಯ ಮೇಲೆ ಕುಳಿತು ನೋಡುವರು. ಇದರಿಂದ ಜನರಿಗೆ ಕರಡಿಯ ಮೇಲೆ ಅಕ್ಕರೆ ಹುಟ್ಟಿತೆಂಬುದು ನಿಜ. ಹೊಲಕ್ಕೆ ನುಗ್ಗುವ, ಮೈಮೇಲೆ ಬೀಳುವ ಮೃಗವೆಂದು ಅದನ್ನು ಹಗೆಯಂತೆ ಕಾಣುತ್ತಿದ್ದವರ ಮಕ್ಕಳು ಇಂದು ಅದರ ಮರಿಗಳನ್ನು ಎಣಿಸಿ ನಲಿಯುವರು. ಆದರೆ ಆ ಚಿತ್ರವನ್ನು ತೆಗೆದವನು, ಬಂಡೆಯ ಮೇಲೆ ಬೆಲ್ಲವಿತ್ತೆಂಬುದನ್ನು ಕೆಳಗೆ ಬರೆಯದಿದ್ದರೆ, ಛಾಯೆಯನ್ನು ಸಂಜ್ಞೆಯೆಂದು ನಂಬಿಸಿದಂತಾಯಿತು. ಗೆದ್ದಲಿನ ಹುತ್ತವನ್ನು ಬಗೆದು, ಕಾಡಿನ ಹಣ್ಣನ್ನು ಆಯ್ದು, ಜೇನನ್ನು ಹುಡುಕಿ ತಿನ್ನುವ ಜೀವಿಯ ನಿಜವಾದ ಬಾಳು ಅಟ್ಟಣೆಯಿಂದ ಕಾಣುವುದಿಲ್ಲ. ಒಂದು ಸಾಲಿನ ಬರವಣಿಗೆಯಿಂದ ಆ ಋಣವು ತೀರುವುದು. ಆ ಒಂದು ಸಾಲೇ ದುರ್ಲಭವಾಗಿದೆ.

ಹೊಳೆಯ ನೀರುನಾಯಿಗಳಿಗೆ ಬೆಲ್ಲವಿಲ್ಲ. ಅಣೆಕಟ್ಟಿನ ಬಳಿಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಅವುಗಳ ಸಂರಕ್ಷಣೆಗಾಗಿ ಮೀಸಲಿಟ್ಟರು. ಬಂಡೆಗಳ ಸಂದಿಯಲ್ಲಿ ವಾಸಮಾಡಿ, ಬೆಳಗಿನ ಹೊತ್ತು ಗುಂಪುಗೂಡಿ ಮೀನು ಹಿಡಿದು, ಮನುಷ್ಯನ ನೆರಳು ಬಿದ್ದೊಡನೆ ಮುಳುಗಿಬಿಡುವ ಈ ಜೀವಿಗಳ ಪಟವು ಕಾಯುವವನಿಗಲ್ಲದೆ ದೊರೆಯದು. ಬಲೆ ಬೀಸುವವರೂ, ನೀರಿನಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವವರೂ ಇದ್ದ ಹೊಳೆಯಲ್ಲಿ ಅವು ಇವೆಯೆಂದು ಹೇಳಲು ಚಿತ್ರಕ್ಕಿಂತ ಬಲವಾದ ಪ್ರಮಾಣವಿಲ್ಲ. ಇಲ್ಲಿ ಪಟವು ಜೀವಿಗೆ ಮಾಡಿದ ಸಾಲವನ್ನು ಜೀವಿಯ ಪರವಾಗಿ ಸಾಕ್ಷಿ ನುಡಿದು ತೀರಿಸಬಲ್ಲುದು.

ಹೇಮಂತ ಶಿಶಿರಗಳು ಬಂದಾಗ ಕಂಪ್ಲಿಯ ಬಯಲಿನಲ್ಲಿ ಭತ್ತದ ಕೊಯಿಲು. ಹಂಪೆಯಲ್ಲಿ ವಿರೂಪಾಕ್ಷನಿಗೂ ಪಂಪಾಂಬಿಕೆಗೂ ನಿಶ್ಚಿತಾರ್ಥವಾಗುವ ಫಲಪೂಜೆ. ಆಗಲೇ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಕೆರೆಗಳಿಗೆ ಇಳಿಯುವುವು. ಹೊಸಪೇಟೆಗೆ ದೂರವಲ್ಲದ ಹಗರಿಬೊಮ್ಮನಹಳ್ಳಿ ಸೀಮೆಯ ಅಂಕಸಮುದ್ರದ ಕೆರೆಯಲ್ಲಿ ಜಾಲಿಯ ಮರಗಳು ನೀರಿನೊಳಗೆ ನಿಂತಿವೆ. ಅವುಗಳ ಮೇಲೆ ಬಣ್ಣದ ಕೊಕ್ಕರೆ ಮೊದಲಾದುವು ಗೂಡುಕಟ್ಟಿ ಮರಿ ಮಾಡುವುವು. 2017ರಲ್ಲಿ ಪಕ್ಷಿಗಳಿಗೆ ಮೀಸಲಾದ ಈ ಕೆರೆಯು 2024ರಲ್ಲಿ ರಾಮ್‌ಸರ್ ಒಪ್ಪಂದದ ಪಟ್ಟಿಗೆ ಸೇರಿ ಲೋಕಪ್ರಸಿದ್ಧವಾಯಿತು. ಪ್ರಸಿದ್ಧಿಯೊಡನೆ ಪಟ ತೆಗೆಯುವವರೂ ಬಂದರು. ಗೂಡಿನ ಹತ್ತಿರಕ್ಕೆ ಹೋಗಿ ತಾಯಿಹಕ್ಕಿಯನ್ನೆಬ್ಬಿಸಿ ತೆಗೆದ ಚಿತ್ರದಲ್ಲಿ ಎಲ್ಲವೂ ಸುಂದರವಾಗಿರುವುದು. ಬಿಸಿಲಿಗೆ ಬಿದ್ದ ಮರಿಯು ಆ ಚಿತ್ರದಲ್ಲಿ ಕಾಣುವುದಿಲ್ಲ.

ಕಲ್ಲು, ಹೊಳೆ, ಮೃಗ, ಪಕ್ಷಿಗಳ ಮಾತಾಯಿತು. ಉಳಿದದ್ದು ಮನುಷ್ಯನ ಮಾತು. ಸಾಲವು ಎಲ್ಲಕ್ಕಿಂತ ಹೆಚ್ಚಾಗಿ ಬಾಕಿಯಿರುವುದು ಇಲ್ಲಿಯೇ. ಸಂಡೂರಿನ ಲಂಬಾಣಿ ತಾಂಡಾಗಳ ಹೆಂಗಸರ ಕಸೂತಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಆ ಕಸೂತಿಯ ಲಂಗದ ಮೇಲೆ ಸಣ್ಣ ಸಣ್ಣ ಕನ್ನಡಿಗಳಿರುವುವು. ಅವಳ ಪಟವನ್ನು ತೆಗೆಯಲು ಬಗ್ಗಿದವನು ಆ ಕನ್ನಡಿಗಳಲ್ಲಿ ತಾನೇ ನೂರಾಗಿ ಕಾಣುವನು. ನೀನು ನನ್ನನ್ನು ತೆಗೆದುಕೊಂಡರೆ ನಾನೂ ನಿನ್ನನ್ನು ಹಿಡಿದಿಡುವೆನೆಂದು ಅವಳ ಉಡುಪೇ ಹೇಳುವಂತಿದೆ. ಆದರೆ ಎಲ್ಲರ ಉಡುಪಿನಲ್ಲಿ ಕನ್ನಡಿಯಿರುವುದಿಲ್ಲ.

2010ರ ಚೈತ್ರದಲ್ಲಿ, ರಥೋತ್ಸವದ ದಿನ, ಒಬ್ಬ ತರುಣನು ವಿರೂಪಾಕ್ಷನ ಬೀದಿಯಲ್ಲಿ ಹೂ ಮಾರುತ್ತಿದ್ದ ಮುದುಕಿಯೊಬ್ಬಳ ಪಟವನ್ನು ತೆಗೆದನು. ಆ ಬೀದಿಯ ಇಕ್ಕೆಲಗಳ ಪುರಾತನ ಕಲ್ಲುಮಂಟಪಗಳಲ್ಲಿ ಆಗ ಮನೆಗಳೂ ಅಂಗಡಿಗಳೂ ತುಂಬಿದ್ದುವು. ಕಂಬಕ್ಕೆ ಒರಗಿ ಕುಳಿತ ಮುದುಕಿ, ಮಡಿಲಿನಲ್ಲಿ ಕನಕಾಂಬರ, ಮುಖದ ಸುಕ್ಕುಗಳ ಮೇಲೆ ಓರೆಬಿಸಿಲು, ತರುಣನು ಹಿಗ್ಗಿದನು.

“ತೆಗೆದ್ಯಲ್ಲಪ್ಪಾ, ನನಗೂ ಒಂದು ಕೊಡ್ತೀಯೇನು?” ಎಂದಳು ಮುದುಕಿ.

“ಕಳಿಸ್ತೀನಿ ಅಜ್ಜೀ. ವಿಳಾಸ ಹೇಳ್ರಿ.”

“ವಿಳಾಸ ಏನು ಬಂತಪ್ಪಾ? ಗುಡಿ ಮುಂದಿನ ಹೂವಿನ ಮುದುಕಿ ಅಂದ್ರ ಎಲ್ಲಾರೂ ತೋರಿಸ್ತಾರ.” ಎಂದು, ಹೂವನ್ನು ಕಟ್ಟುತ್ತಲೇ, “ಹಿಂದ ಬಂದೋರೂ ಹಂಗೇ ಅಂದು ಹೋದ್ರು” ಎಂದಳು.

ಆ ಕೊನೆಯ ಮಾತು ತರುಣನಿಗೆ ನಾಟಿತು. ಆದರೂ ಕೆಲಸದ ಗಡಿಬಿಡಿಯಲ್ಲಿ ಎರಡು ವರುಷಗಳು ಕಳೆದುವು. ಅಷ್ಟರಲ್ಲಿ, 2011ರ ಜುಲೈ ತಿಂಗಳಿನಲ್ಲಿ, ಆ ಬೀದಿಯ ಮನೆಗಳೂ ಅಂಗಡಿಗಳೂ ತೆರವಾದುವು. ಹಂಪೆಯು 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಸ್ಥಳ. ಮಂಟಪಗಳನ್ನು ಅವುಗಳ ಮೂಲರೂಪದಲ್ಲಿ ಉಳಿಸಬೇಕೆಂಬುದು ಒಂದು ನ್ಯಾಯ. ತಲೆಯ ಮೇಲೆ ಸೂರು ಬೇಕೆಂಬುದು ಇನ್ನೊಂದು ನ್ಯಾಯ. ಎರಡು ನ್ಯಾಯಗಳು ಎದುರಾದಾಗ ತೀರ್ಪು ಹೇಳುವುದು ಸುಲಭವಲ್ಲ. ಅಲ್ಲಿದ್ದ ಕುಟುಂಬಗಳಿಗೆ ಮುಂದೆ ಕಡ್ಡಿರಾಂಪುರದ ಕಡೆ ನಿವೇಶನಗಳ ಏರ್ಪಾಡಾಯಿತು.

2012ರ ರಥೋತ್ಸವಕ್ಕೆ ತರುಣನು ಪಟವನ್ನು ಹಿಡಿದು ಬಂದನು. ಬೀದಿಯು ಬರಿದಾಗಿತ್ತು, ಆದರೂ ಹೂವಿನ ಮುದುಕಿ ಎಂದೊಡನೆ ಜನರು ತೋರಿಸಿದರು. ಅವಳು ಗೋಪುರದ ಹತ್ತಿರ ಬುಟ್ಟಿಯನ್ನಿಟ್ಟುಕೊಂಡು ನೆಲದ ಮೇಲೆ ಕುಳಿತಿದ್ದಳು. ಪಟವನ್ನು ಕೈಗೆ ತೆಗೆದುಕೊಂಡು, ದೂರಕ್ಕೆ ಹಿಡಿದು, ಹತ್ತಿರಕ್ಕೆ ಹಿಡಿದು, ಬಹಳ ಹೊತ್ತು ನೋಡಿದಳು. ತನ್ನ ಮುಖವನ್ನು ನೋಡುತ್ತಿದ್ದಾಳೆಂದು ತರುಣನು ತಿಳಿದನು. ಅವಳ ಬೆರಳು ಮುಖದ ಮೇಲಿರಲಿಲ್ಲ; ಹಿಂದಿನ ಕಂಬದ ಮೇಲಿದ್ದಿತು.

“ಇಲ್ಲಿ ನೋಡಪ್ಪಾ, ಈ ಮೊಳೀ ನಮ್ಮ ಯಜಮಾನ್ರು ಹೊಡೆದಿದ್ದು. ಲಾಟೀನು ತೂಗುಹಾಕ್ತಿದ್ವಿ” ಎಂದಳು.

ತರುಣನು ತೆಗೆದದ್ದು ಒಂದು ಮುಖವನ್ನು. ಕೊಟ್ಟದ್ದು ಒಂದು ಮನೆಯನ್ನು. ಆ ಮೊಳೆಯು ಪಟದಲ್ಲಿ ಬಿದ್ದಿದೆಯೆಂಬುದು ಅವನಿಗೆ ಅದುವರೆಗೆ ಗೊತ್ತೇ ಇರಲಿಲ್ಲ. ಹಿಂದೆ ಬಂದು, ಪಟ ತೆಗೆದು, ಕಳುಹುವೆವೆಂದು ಹೇಳಿ ಹೋದವರ ಪೆಟ್ಟಿಗೆಗಳಲ್ಲಿ ಇಂತಹ ಇನ್ನೆಷ್ಟು ಮೊಳೆಗಳು, ಎಷ್ಟು ಹೊಸಲುಗಳು, ಎಷ್ಟು ರಂಗವಲ್ಲಿಗಳು, ಯಾರಿಗೂ ಗೊತ್ತಾಗದೆ ಬಿದ್ದಿವೆಯೋ! ಹಂಪೆಯ ಕಲ್ಲುಗಳ ಚಿತ್ರಗಳನ್ನು ಪೇರಿಸಿದರೆ ಹೇಮಕೂಟದಷ್ಟು ಎತ್ತರವಾಗಬಹುದು; ಆ ಕಲ್ಲುಗಳ ನೆರಳಿನಲ್ಲಿ ಬಾಳಿದವರ ಚಿತ್ರಗಳನ್ನು ಹುಡುಕಬೇಕಾಗಿದೆ. ಗ್ರೀನ್‌ಲಾನ ಕಾಗದವು ನಿಧಾನವಾದುದರಿಂದ ನಡೆದಾಡಿದವರನ್ನು ಹಿಡಿಯಲಾರದೆ ಹೋಯಿತು. ಈಗಿನ ಯಂತ್ರವು ಹಾರುವ ಹಕ್ಕಿಯ ರೆಕ್ಕೆಯನ್ನೂ ನಿಲ್ಲಿಸಬಲ್ಲುದು. ಆದರೂ ಮನುಷ್ಯನು ಕರಗುತ್ತಲೇ ಇರುವನು. ದೋಷವು ಕಾಗದದಲ್ಲಿ ಇರಲಿಲ್ಲವೇನೋ.

ಇದಕ್ಕೆ ಪ್ರಾಯಶ್ಚಿತ್ತವು ಕಠಿನವಾದುದಲ್ಲ. ಪ್ರತಿಯೊಂದು ವಿದ್ಯಾವಂತ ಕುಟುಂಬದಲ್ಲಿಯೂ ಹಳೆಯ ಪಟಗಳ ಒಂದು ಪೆಟ್ಟಿಗೆಯಿರುವುದು. ಮದುವೆಯ ಚಪ್ಪರದಲ್ಲಿ ಸಾಲಾಗಿ ನಿಂತವರು, ಅಣೆಕಟ್ಟನ್ನು ನೋಡಲು ಹೋದವರು, ಹರಿಗೋಲಿನಲ್ಲಿ ಹೆದರಿ ಕುಳಿತವರು. ಅವರಲ್ಲಿ ಅರ್ಧ ಮಂದಿಯ ಹೆಸರುಗಳನ್ನು ಬಲ್ಲವಳು ಮನೆಯ ಅಜ್ಜಿಯೊಬ್ಬಳೇ ಆಗಿರುವಳು. ಅವಳ ಕಣ್ಣೂ ನೆನಪೂ ಚೆನ್ನಾಗಿರುವಾಗಲೇ, ಒಂದು ಸೀಸದ ಕಡ್ಡಿಯನ್ನು ಹಿಡಿದು, ಒಂದೊಂದು ಪಟದ ಬೆನ್ನಿನ ಮೇಲೆ ಯಾರು, ಎಲ್ಲಿ, ಯಾವ ವರುಷ ಎಂಬ ಮೂರನ್ನು ಬರೆದಿಡಬೇಕು. ಈಗಿನವರ ಪಟಗಳು ಪೆಟ್ಟಿಗೆಯಲ್ಲಿಲ್ಲ, ಮೊಬೈಲಿನಲ್ಲಿವೆ, ಸಾವಿರಗಟ್ಟಲೆ ಇವೆ, ಆದಕಾರಣವೇ ಅವು ಇನ್ನೂ ಬೇಗನೆ ಅನಾಥವಾಗುವುವು. ಅವುಗಳಲ್ಲಿ ಹತ್ತನ್ನಾದರೂ ಅಚ್ಚುಹಾಕಿಸಿ, ಹೆಸರು ಬರೆದು, ಯಾರ ಪಟವೋ ಅವರಿಗೆ ಒಂದು ಪ್ರತಿಯನ್ನು ಮುಟ್ಟಿಸಬೇಕು. ಕಳುಹುವೆನೆಂದು ಹೇಳಿದ್ದರಂತೂ ಅದು ಮಾತಿನ ಸಾಲ. ಬಡ್ಡಿ ಬೆಳೆಯುವ ಸಾಲ.

ವಿರೂಪಾಕ್ಷನ ಗುಡಿಯಲ್ಲಿ ಕತ್ತಲೆಯ ಎಡೆಯು ಇಂದಿಗೂ ಹಾಗೆಯೇ ಇದೆ. ಬಂದವರು ತಲೆಕೆಳಗಾದ ಗೋಪುರವನ್ನು ಕಂಡು ಬೆರಗಾಗಿ, ಕೂಡಲೇ ಕೈಯ ಯಂತ್ರವನ್ನೆತ್ತಿ ಅದರ ಪಟವನ್ನೂ ತೆಗೆದುಕೊಂಡು ಹೊರಡುವರು. ಹೊರಗೆ, ಬಾಗಿಲ ಬಳಿ, ಬುಟ್ಟಿಯ ಮುಂದೆ ಯಾರೋ ಹೂ ಕಟ್ಟುತ್ತ ಕುಳಿತಿರುವರು. ಬಿಸಿಲು ಅವರ ಮೇಲೆಯೂ ಬಿದ್ದಿರುವುದು.